ಮನೆಯ ಸ್ಮಾರ್ಟ್ ಮೀಟರ್, ಹೊಲದ ಪಂಪ್‌ಸೆಟ್: ಕೆ.ಆರ್.ಎಸ್. ಸೀಮೆಯ ರೈತರ ಆತಂಕ ಮತ್ತು ನೀರೆತ್ತುವ ಲೆಕ್ಕ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ತಾಲ್ಲೂಕುಗಳಲ್ಲಿ ಇತ್ತೀಚೆಗೆ ನಡೆಯುವ ತರಬೇತಿ ಮತ್ತು ಕ್ಷೇತ್ರೋತ್ಸವಗಳಲ್ಲಿ ಬೆಳೆಯ ಮಾತು ಮುಗಿದೊಡನೆ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: "ಮನೆಗೆ ಸ್ಮಾರ್ಟ್ ಮೀಟರ್ ಅಂತಾರೆ, ನಾಳೆ ನಮ್ಮ ಬೋರಿಗೂ ತಂದು ಕೂರಿಸ್ತಾರಾ ಸಾರ್?" ಇದು ವಿದ್ಯುತ್ ಇಲಾಖೆಗೆ ಕೇಳಬೇಕಾದ ಪ್ರಶ್ನೆ ಎಂದು ಹೇಳಿ ಕೈತೊಳೆದುಕೊಳ್ಳುವುದು ಬೇಸಾಯಶಾಸ್ತ್ರಜ್ಞರಾದ ನಮಗೆ ಸಾಧ್ಯವಿಲ್ಲ. ನೀರು ವಿದ್ಯುತ್ತಿನಿಂದ ಮೇಲೇಳುವ ಕಡೆ ಯಾವ ಬೆಳೆ ಇಡಬೇಕು, ಎಷ್ಟು ಎಕರೆಗೆ ಇಡಬೇಕು ಎಂಬ ತೀರ್ಮಾನ ಮೋಟಾರಿನ ಜೊತೆಗೇ ಕಟ್ಟಿಕೊಂಡಿದೆ. ಆದುದರಿಂದ ಈ ಲೇಖನದಲ್ಲಿ ಇಂದಿನ ನಿಯಮ ಏನಿದೆ, ಆತಂಕದ ಯಾವ ಭಾಗಕ್ಕೆ ಆಧಾರವಿದೆ, ಮತ್ತು ರೈತರು ಈಗಿನಿಂದಲೇ ಯಾವ ಸಿದ್ಧತೆ ಮಾಡಿಕೊಳ್ಳಬೇಕು ಎಂಬುದನ್ನು ಪರಿಶೀಲಿಸಲಾಗಿದೆ.

ಇಂದಿನ ಸ್ಥಿತಿ

ರಾಜ್ಯದಲ್ಲಿ ಈ ಚರ್ಚೆ ಬಿಸಿಯೇರಿದ್ದು 2025ರ ಫೆಬ್ರವರಿಯಲ್ಲಿ. ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿಯು ಹೊಸ ಹಾಗೂ ತಾತ್ಕಾಲಿಕ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರನ್ನು ಕಡ್ಡಾಯಗೊಳಿಸಿತು. ಅಲ್ಲಿಯವರೆಗೆ ಒಂದು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತಿದ್ದ ಸಿಂಗಲ್ ಫೇಸ್ ಮೀಟರಿನ ಜಾಗದಲ್ಲಿ ಸುಮಾರು 5,000 ರೂಪಾಯಿಯ ಮೀಟರ್ ಬಂದಿತು. ತ್ರೀ ಫೇಸ್ ಮೀಟರಿನ ಬೆಲೆ ಸುಮಾರು 28,000 ರೂಪಾಯಿಗೆ ಏರಿತು. ಈ ಬೆಲೆಯ ಕುರಿತು ವಿಧಾನಮಂಡಲದಲ್ಲಿ ತೀವ್ರ ಚರ್ಚೆಯಾಯಿತು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಏರಿತು.

ನೆರೆರಾಜ್ಯಗಳೊಡನೆ ಬೆಲೆಯನ್ನು ಹೋಲಿಸುವಾಗ ಒಂದು ಹಿನ್ನೆಲೆಯನ್ನು ಗಮನಿಸಬೇಕು. ಕೇಂದ್ರ ಸಚಿವ ಸಂಪುಟವು 2021ರ ಜೂನ್ ತಿಂಗಳಲ್ಲಿ ವಿದ್ಯುತ್ ವಿತರಣಾ ವಲಯದ ಪುನಶ್ಚೇತನಕ್ಕಾಗಿ 3 ಲಕ್ಷ ಕೋಟಿ ರೂಪಾಯಿಗೂ ಮೀರಿದ ಯೋಜನೆಯೊಂದಕ್ಕೆ ಒಪ್ಪಿಗೆ ನೀಡಿತು. 25 ಕೋಟಿ ಸ್ಮಾರ್ಟ್ ಮೀಟರುಗಳ ಅಳವಡಿಕೆ ಅದರ ಮುಖ್ಯ ಗುರಿ. ಆ ಯೋಜನೆಗೆ ಸೇರಿದ ರಾಜ್ಯಗಳಿಗೆ ಪ್ರತಿ ಮೀಟರಿಗೆ ಕೇಂದ್ರದ ಸಹಾಯಧನವಿದೆ. ಕರ್ನಾಟಕ ಅದಕ್ಕೆ ಸೇರಲಿಲ್ಲ. ಹೀಗಾಗಿ ಮೀಟರಿನ ವೆಚ್ಚ ಗ್ರಾಹಕರ ಮೇಲೆ ನೇರವಾಗಿ ಬಿದ್ದಿತು.

ನಮ್ಮ ನಾಲ್ಕೂ ತಾಲ್ಲೂಕುಗಳು ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ಸೆಸ್ಕ್‌ನ ವ್ಯಾಪ್ತಿಗೆ ಬರುತ್ತವೆ. ಹಳ್ಳಿಯವರು ಇಂದಿಗೂ ಇದನ್ನು ಕೆ.ಇ.ಬಿ. ಎಂದೇ ಕರೆಯುತ್ತಾರೆ. ಇಲ್ಲಿನ ರೈತರು ಮೂರು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಮೊದಲನೆಯದು, 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ರಾಜ್ಯ ಸರ್ಕಾರ 2008ರಿಂದ ಉಚಿತ ವಿದ್ಯುತ್ ನೀಡುತ್ತಿದೆ. ಈ ನೀತಿ ಮುಂದುವರಿದಿದೆ. ಎರಡನೆಯದು, ಸ್ಮಾರ್ಟ್ ಮೀಟರನ್ನು ಮುಂಗಡ ಪಾವತಿ ವಿಧಾನದಲ್ಲಿ ಅಳವಡಿಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರ ಆಗಸ್ಟಿನಲ್ಲಿ ಹೊರಡಿಸಿದ ಅಧಿಸೂಚನೆಯಲ್ಲಿ ಕೃಷಿ ಗ್ರಾಹಕರನ್ನು ಹೊರಗಿಡಲಾಗಿದೆ. ಮೂರನೆಯದು, ಹಗಲಿಗೊಂದು ದರ, ಸಂಜೆಗೊಂದು ದರ ಎಂಬ ಸಮಯಾಧಾರಿತ ದರಪದ್ಧತಿಯ ಕೇಂದ್ರ ನಿಯಮವನ್ನು 2023ರಲ್ಲಿ ತಂದಾಗಲೂ ಕೃಷಿ ಗ್ರಾಹಕರಿಗೆ ವಿನಾಯಿತಿ ನೀಡಲಾಗಿದೆ.

ಎಂದ ಮೇಲೆ ಆತಂಕವೇಕೆ? ರೈತರ ಆತಂಕಕ್ಕೂ ಕಾರಣಗಳಿವೆ. ಅವುಗಳನ್ನು ನೋಡುವ ಮೊದಲು ಮನೆಯ ಮೀಟರಿನ ವಿಚಾರವನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು ಒಳ್ಳೆಯದು. ಮನೆಯ ಮೀಟರಿಗೂ ಬೋರಿನ ಮೀಟರಿಗೂ ಸಂಬಂಧಿಸಿದ ಪ್ರಶ್ನೆಗಳು ಬೇರೆ ಬೇರೆ. ಅವೆರಡನ್ನು ಬೆರೆಸಿ ಮಾತನಾಡುವುದರಿಂದಲೇ ಹೆಚ್ಚಿನ ಗೊಂದಲ ಹುಟ್ಟುತ್ತಿದೆ.

ಮನೆಯ ಮೀಟರ್: ಓಡುತ್ತದೆ ಎಂಬ ದೂರು

ಸ್ಮಾರ್ಟ್ ಮೀಟರ್ ಎಂದರೆ ಬಳಕೆಯನ್ನು ಅಲ್ಪಾವಧಿಗೊಮ್ಮೆ ದಾಖಲಿಸಿ, ಮೊಬೈಲ್ ಜಾಲ ಅಥವಾ ರೇಡಿಯೋ ಸಂಕೇತದ ಮೂಲಕ ಕಂಪನಿಯ ಗಣಕಯಂತ್ರಕ್ಕೆ ತಾನೇ ಕಳುಹಿಸುವ ಮೀಟರ್. ವೋಲ್ಟೇಜ್ ಎಷ್ಟಿತ್ತು, ಕರೆಂಟು ಯಾವಾಗ ಹೋಯಿತು, ಯಾವಾಗ ಬಂದಿತು, ಮುಚ್ಚಳ ತೆರೆಯಲಾಯಿತೇ ಎಂಬುದನ್ನೂ ಅದು ಬರೆದಿಡುತ್ತದೆ. ಸಂಪರ್ಕವನ್ನು ಕಚೇರಿಯಿಂದಲೇ ಕಡಿತಗೊಳಿಸುವ, ಮತ್ತೆ ಜೋಡಿಸುವ ವ್ಯವಸ್ಥೆಯೂ ಅದರಲ್ಲಿದೆ.

ಹೊಸ ಮೀಟರ್ ಬಂದ ಮೇಲೆ ಬಿಲ್ಲು ಹೆಚ್ಚಾಯಿತು ಎಂಬುದು ದೇಶದ ಎಲ್ಲೆಡೆ ಕೇಳಿಬರುವ ದೂರು. ಇದಕ್ಕೆ ಸಾಮಾನ್ಯವಾಗಿ ಎರಡು ತಾಂತ್ರಿಕ ಕಾರಣಗಳಿರುತ್ತವೆ. ಚಕ್ರ ತಿರುಗುವ ಹಳೆಯ ಮೀಟರು ಚಾರ್ಜರ್, ಸಣ್ಣ ಎಲ್‌ಇಡಿ ದೀಪದಂತಹ ಅಲ್ಪ ಹೊರೆಯನ್ನು ಸರಿಯಾಗಿ ಗ್ರಹಿಸುತ್ತಿರಲಿಲ್ಲ, ಹೊಸದು ಗ್ರಹಿಸುತ್ತದೆ. ಇನ್ನೊಂದು ಕಾರಣ ಮನೆಯ ವೈರಿಂಗಿನದು. ನಮ್ಮ ದೇಶದ ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡೂ ತಂತಿಗಳ ಕರೆಂಟನ್ನು ಅಳೆದು, ಹೆಚ್ಚಿರುವುದನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಅಣ್ಣತಮ್ಮಂದಿರ ಪಾಲಾದ ಮನೆಯಲ್ಲಿ ಎರಡು ಮೀಟರುಗಳಿದ್ದು ನ್ಯೂಟ್ರಲ್ ತಂತಿ ಒಂದೇ ಆಗಿದ್ದರೆ, ಅಥವಾ ಕೊಟ್ಟಿಗೆಯ ಹಳೆಯ ವೈರಿನಿಂದ ನೆಲಕ್ಕೆ ಕರೆಂಟು ಸೋರುತ್ತಿದ್ದರೆ, ಬಳಸದ ಯೂನಿಟ್ಟೂ ಬಿಲ್ಲಿಗೆ ಸೇರಬಹುದು. ಇದು ಮೀಟರಿನ ದೋಷವಲ್ಲ, ಆದರೆ ನಷ್ಟ ಮನೆಯವರದೇ. ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಇದು ಇನ್ನೂ ಮುಖ್ಯ. ಅವರ ಉಚಿತ ಯೂನಿಟ್ಟುಗಳ ಮಿತಿ ಹಳೆಯ ಮೀಟರ್ ತೋರಿಸಿದ 2022–23ರ ಸರಾಸರಿ ಬಳಕೆಯ ಆಧಾರದ ಮೇಲೆ ನಿಗದಿಯಾಗಿದೆ.

ವಿಸ್ತರಣಾ ಕಾರ್ಯಕರ್ತರು ಊರಿನಲ್ಲಿ ತೋರಿಸಿಕೊಡಬಹುದಾದ ಸರಳ ಪರೀಕ್ಷೆ ಹೀಗಿದೆ. ಮನೆಯ ಎಲ್ಲ ಸ್ವಿಚ್ಚುಗಳನ್ನು ಆರಿಸಿ, ಮೇನ್ ಸ್ವಿಚ್ ಮಾತ್ರ ಹಾಕಿರಬೇಕು. ಮೀಟರಿನ ಮುಖದ ಮೇಲಿನ ಕೆಂಪು ದೀಪ ಆಗಲೂ ಮಿನುಗುತ್ತಿದ್ದರೆ ಎಲ್ಲೋ ಸೋರಿಕೆಯಿದೆ ಅಥವಾ ನ್ಯೂಟ್ರಲ್ ಬೆರೆತಿದೆ ಎಂದು ತಿಳಿಯಬೇಕು. ಅನಂತರ 100 ವ್ಯಾಟಿನ ಹಳೆಯ ಬಲ್ಬೊಂದನ್ನೇ ಉರಿಸಬೇಕು. ಒಂದು ಯೂನಿಟ್ಟಿಗೆ ಎಷ್ಟು ಮಿನುಗು ಎಂಬ ಸಂಖ್ಯೆ ಮೀಟರಿನ ಮೇಲೆಯೇ ಅಚ್ಚಾಗಿರುತ್ತದೆ. ಆ ಸಂಖ್ಯೆ 3200 ಆಗಿದ್ದರೆ ಸುಮಾರು 11 ಸೆಕೆಂಡಿಗೊಮ್ಮೆ ದೀಪ ಮಿನುಗಬೇಕು. ಅದಕ್ಕಿಂತ ಗಣನೀಯವಾಗಿ ಬೇಗ ಮಿನುಗಿದರೆ ದೂರು ನೀಡಲು ಕಾರಣವಿದೆ.

ದೂರು ನೀಡಿದವರಿಗೆ ಕಾನೂನಿನ ಬೆಂಬಲವೂ ಇದೆ. ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಮಾಡಿದ ತಿದ್ದುಪಡಿಯಂತೆ, ಮೀಟರಿನ ಲೆಕ್ಕ ನಿಜವಾದ ಬಳಕೆಗೆ ಹೊಂದುತ್ತಿಲ್ಲ ಎಂದು ಗ್ರಾಹಕರು ದೂರಿದರೆ ಕಂಪನಿಯು 5 ದಿನಗಳೊಳಗೆ ಹೆಚ್ಚುವರಿ ಮೀಟರೊಂದನ್ನು ಅಳವಡಿಸಿ, ಕನಿಷ್ಠ 3 ತಿಂಗಳು ಎರಡನ್ನೂ ತಾಳೆ ನೋಡಬೇಕು. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಮಿನ ಪ್ರಕಾರ ಬಾಕಿಗಾಗಿ ಸಂಪರ್ಕ ಕಡಿತಗೊಳಿಸುವ ಮೊದಲು 15 ದಿನಗಳ ಲಿಖಿತ ನೋಟಿಸು ಕೊಡಬೇಕು. ಮುಂಗಡ ಪಾವತಿ ಮೀಟರ್ ಒಪ್ಪಿಕೊಂಡವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎಂದು ಅದೇ ಕಾಯ್ದೆಯ 47ನೇ ಕಲಮು ಹೇಳುತ್ತದೆ.

ಹೊಲದ ಮೀಟರ್: ನಂಬಿಕೆಯ ಪ್ರಶ್ನೆ

ಇನ್ನು ಪಂಪ್‌ಸೆಟ್ಟಿನ ವಿಚಾರ. ಇಲ್ಲಿ ಮೀಟರ್ ಓಡುತ್ತದೆಯೋ ನಿಧಾನವೋ ಎಂಬುದು ರೈತರ ಚಿಂತೆಯಲ್ಲ. ಬಿಲ್ಲು ಸೊನ್ನೆ ಇರುವಾಗ ಎಣಿಸುವುದೇಕೆ, ಎಣಿಸಿದವರು ಮುಂದೊಂದು ದಿನ ಹಣ ಕೇಳದೆ ಬಿಡುತ್ತಾರೆಯೇ ಎಂಬುದು ಚಿಂತೆ.

ಇದು ಬರಿಯ ಊಹೆಯೆಂದು ತಳ್ಳಿಹಾಕುವಂತಿಲ್ಲ. ಸರಿಯಾದ ಮೀಟರ್ ಇಲ್ಲದೆ ಯಾರಿಗೂ ವಿದ್ಯುತ್ ಪೂರೈಸಬಾರದು ಎಂದು 2003ರ ಕಾಯ್ದೆಯ 55ನೇ ಕಲಮು ಹೇಳುತ್ತದೆ. ರಾಜ್ಯದ 30 ಲಕ್ಷಕ್ಕೂ ಹೆಚ್ಚಿನ ಪಂಪ್‌ಸೆಟ್ಟುಗಳಲ್ಲಿ ಬಹುಪಾಲು ಮೀಟರಿಲ್ಲದೆ ನಡೆಯುತ್ತಿರುವುದರಿಂದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಈ ವಿಷಯವನ್ನು ಮತ್ತೆ ಮತ್ತೆ ಎತ್ತುತ್ತಲೇ ಬಂದಿದೆ. ಪಂಪ್‌ಸೆಟ್ಟುಗಳ ಆರ್.ಆರ್. ಸಂಖ್ಯೆಗೆ ಆಧಾರ್ ಜೋಡಿಸುವ ಕಾರ್ಯ 2024ರಲ್ಲಿ ನಡೆದಾಗ, ಇದು ಮೀಟರ್ ಅಳವಡಿಕೆಯ ಮೊದಲ ಮೆಟ್ಟಿಲು ಎಂದು ರೈತ ಸಂಘಟನೆಗಳು ವಿರೋಧಿಸಿದವು. ಕೇಂದ್ರ ಸರ್ಕಾರವು ವಿದ್ಯುತ್ ವಲಯದ ಸುಧಾರಣೆ ಮಾಡುವ ರಾಜ್ಯಗಳಿಗೆ 2021–22ರಿಂದ ನಾಲ್ಕು ವರ್ಷ ರಾಜ್ಯದ ಒಟ್ಟು ಉತ್ಪನ್ನದ ಶೇ. 0.5ರಷ್ಟು ಹೆಚ್ಚುವರಿ ಸಾಲಕ್ಕೆ ಅವಕಾಶ ಕೊಟ್ಟಿತು. ಆ ಸುಧಾರಣೆಗಳ ಪಟ್ಟಿಯಲ್ಲಿ ಕೃಷಿ ವಿದ್ಯುತ್ತಿನ ಮೀಟರೀಕರಣವೂ ಸಹಾಯಧನವನ್ನು ನೇರವಾಗಿ ಖಾತೆಗೆ ಹಾಕುವುದೂ ಇದ್ದವು. ಅಡುಗೆ ಅನಿಲದ ಸಹಾಯಧನ ಮೊದಲು ಖಾತೆಗೆ ಬಂದು, ಬರಬರುತ್ತಾ ಕರಗಿದ್ದನ್ನು ಪ್ರತಿ ಮನೆಯವರೂ ಕಂಡಿದ್ದಾರೆ. ಆ ಅನುಭವವಿರುವ ರೈತರಿಗೆ ಬಾಯಿಮಾತಿನ ಭರವಸೆ ಸಾಲದು.

ಈ ಸೀಮೆಗೆ ವಿದ್ಯುತ್ತಿನ ಜೊತೆಗಿನ ನಂಟು ಹಳೆಯದು. 1902ರಲ್ಲಿ ಇದೇ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಬೇಸಿಗೆಯಲ್ಲಿ ಆ ವಿದ್ಯುದಾಗಾರಕ್ಕೆ ನೀರು ಕಡಮೆಯಾಗದಂತೆ ನೋಡಿಕೊಳ್ಳುವುದು ಕನ್ನಂಬಾಡಿ ಕಟ್ಟೆಯ ಯೋಜನೆಗೆ ಇದ್ದ ಪ್ರಬಲ ಕಾರಣಗಳಲ್ಲೊಂದು. ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಗದ್ದೆಗಳನ್ನು ತಣಿಸಿತು. ನೀರಿಗಾಗಿ, ಬೆಲೆಗಾಗಿ, ಕರೆಂಟಿಗಾಗಿ ಹೋರಾಡಿದ ರೈತ ಚಳವಳಿಗೆ ಪಾಂಡವಪುರ ದೊಡ್ಡ ನೆಲೆಯಾಯಿತು. ಇಂತಹ ನೆಲದಲ್ಲಿ ರೈತರನ್ನು ಕೇಳದೆ ಮಾಡುವ ಯಾವ ಲೆಕ್ಕವೂ ನಿಲ್ಲಲಾರದು.

ಲೆಕ್ಕವಿಲ್ಲದಿರುವುದರ ನಷ್ಟ

ಆದರೆ ಎಣಿಕೆಯೇ ಬೇಡ ಎನ್ನುವ ನಿಲುವಿನಿಂದ ರೈತರಿಗೆ ಲಾಭವೇ ಎಂಬುದನ್ನೂ ಶಾಂತವಾಗಿ ಯೋಚಿಸಬೇಕಾಗಿದೆ.

ಮೀಟರಿಲ್ಲದ ಪಂಪ್‌ಸೆಟ್ಟುಗಳ ಬಳಕೆಯನ್ನು ಇಂದು ಅಂದಾಜಿನಲ್ಲಿ ಲೆಕ್ಕ ಹಾಕಲಾಗುತ್ತದೆ. ಫೀಡರಿನಲ್ಲಿ ಅಥವಾ ಮಾದರಿಗಾಗಿ ಆಯ್ದ ಕೆಲವು ಟಿ.ಸಿ.ಗಳಲ್ಲಿ ಅಳೆದು, ಅದರಿಂದ ಒಂದು ಪಂಪ್‌ಸೆಟ್ಟಿಗೆ ಇಷ್ಟು ಎಂದು ಸರಾಸರಿ ತೆಗೆದು, ಒಟ್ಟು ಸಂಖ್ಯೆಯಿಂದ ಗುಣಿಸಲಾಗುತ್ತದೆ. ಆ ಮೊತ್ತವನ್ನು ಸರ್ಕಾರ ಕಂಪನಿಗೆ ಸಹಾಯಧನವಾಗಿ ಭರಿಸುತ್ತದೆ. ಇಂತಹ ಅಂದಾಜಿನಲ್ಲಿ ತಂತಿಯ ನಷ್ಟವೂ ಬೇರೆಡೆಯ ಕಳವೂ ರೈತರ ಹೆಸರಿಗೆ ಸೇರಿಹೋಗುವ ಸಾಧ್ಯತೆ ಯಾವಾಗಲೂ ಇರುತ್ತದೆ. "ರೈತರಿಗಾಗಿ ಇಷ್ಟು ಸಾವಿರ ಕೋಟಿ" ಎಂಬ ಮಾತು ಕೇಳಿಬಂದಾಗ, ಅದರಲ್ಲಿ ನಿಜವಾಗಿ ಹೊಲಕ್ಕೆ ಹರಿದದ್ದೆಷ್ಟು ಎಂದು ಪ್ರಶ್ನಿಸಲು ರೈತರ ಕೈಯಲ್ಲಿ ಅಂಕಿಯಿಲ್ಲ.

ಎರಡನೆಯ ನಷ್ಟ ಸೇವೆಯದು. ಏಳು ಗಂಟೆ ತ್ರೀ ಫೇಸ್ ಎನ್ನುವುದು ಮಾತು. ಎಷ್ಟು ದಿನ ಐದೇ ಗಂಟೆ ಬಂದಿತು, ಎಷ್ಟು ಬಾರಿ ನಡುವೆ ಹೋಯಿತು, ವೋಲ್ಟೇಜ್ ಎಷ್ಟಕ್ಕೆ ಇಳಿದು ಮೋಟಾರಿನ ಕಾಯಿಲ್ ಸುಟ್ಟಿತು ಎಂಬುದಕ್ಕೆ ದಾಖಲೆಯಿಲ್ಲ. ಒಮ್ಮೆ ಮೋಟಾರ್ ಎತ್ತಿ ರಿವೈಂಡಿಂಗ್ ಮಾಡಿಸಿ ಇಳಿಸುವಷ್ಟರಲ್ಲಿ ಸಾವಿರಾರು ರೂಪಾಯಿ ಖರ್ಚಾಗಿ, ಬೆಳೆ ಒಂದು ವಾರ ಬಾಡಿರುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಸುಟ್ಟ ಟಿ.ಸಿ.ಯನ್ನು 72 ಗಂಟೆಗಳಲ್ಲಿ ಬದಲಿಸಬೇಕೆಂಬ ಸೇವಾ ಮಾನದಂಡವಿದೆ, ಸೇವಾಲೋಪಕ್ಕೆ ಪರಿಹಾರ ಕೊಡಿಸುವ ಅವಕಾಶ ಕಾಯ್ದೆಯ 57ನೇ ಕಲಮಿನಲ್ಲಿದೆ. ದಾಖಲೆಯಿಲ್ಲದೆ ಅದನ್ನು ಕೇಳುವುದು ಕಷ್ಟ. ಗಂಟೆ, ವೋಲ್ಟೇಜ್ ಮತ್ತು ಯೂನಿಟ್ ಮೂರನ್ನೂ ಬರೆದಿಡುವ ಮೀಟರು ರೈತರ ಬಳಕೆಯೊಂದಿಗೆ ಕಂಪನಿಯ ಪೂರೈಕೆಯನ್ನೂ ಎಣಿಸುತ್ತದೆ. ಆ ಮಾಹಿತಿ ರೈತರಿಗೂ ಸಿಗುತ್ತದೆಯೇ ಎಂಬುದು ಇಲ್ಲಿ ನಿರ್ಣಾಯಕ.

ನಾಲ್ಕು ತಾಲ್ಲೂಕು, ನಾಲ್ಕು ಬಗೆಯ ನೀರು

ನಮ್ಮ ದೃಷ್ಟಿಯಲ್ಲಿ ಇಡೀ ಚರ್ಚೆಯ ತಿರುಳು ಮುಂದಿನ ಲೆಕ್ಕದಲ್ಲಿದೆ.

ಒಂದು ಎಕರೆಗೆ ಒಂದು ಇಂಚು ನೀರು ನಿಲ್ಲಿಸಲು ಸುಮಾರು 1.03 ಲಕ್ಷ ಲೀಟರ್ ನೀರು ಬೇಕು. ಮೋಟಾರ್, ಪಂಪ್ ಮತ್ತು ಪೈಪುಗಳ ಒಟ್ಟು ದಕ್ಷತೆ ಶೇ. 40 ಎಂದು ಹಿಡಿದರೆ, ಈ ನೀರನ್ನು 100 ಅಡಿ ಎತ್ತಲು ಸುಮಾರು 21 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ಇಲ್ಲಿ ಎತ್ತರ ಎಂದರೆ ಬೋರಿನ ಒಟ್ಟು ಆಳವಲ್ಲ. ಮೋಟಾರ್ ಓಡುತ್ತಿರುವಾಗ ನೀರಿನ ಮಟ್ಟ ಎಷ್ಟು ಕೆಳಗಿರುತ್ತದೆಯೋ ಅದಕ್ಕೆ ನೆಲದ ಮೇಲಿನ ಏರು ಮತ್ತು ಪೈಪಿನ ಘರ್ಷಣೆಯನ್ನು ಕೂಡಿಸಿದ ಲೆಕ್ಕ.

ಈಗ ನಮ್ಮ ತಾಲ್ಲೂಕುಗಳನ್ನು ಇಟ್ಟು ನೋಡೋಣ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ನಾಲಾ ಬಯಲಿನಲ್ಲಿ ತೂಬಿನಿಂದ ಹರಿದು ಬರುವ ನೀರಿಗೆ ಒಂದು ಯೂನಿಟ್ಟೂ ಬೇಡ. ಹೊಳೆ, ಹಳ್ಳ ಅಥವಾ ನಾಲೆಯ ಬಸಿ ನೀರಿನ ಬಾವಿಯಿಂದ 30 ಅಡಿ ಎತ್ತುವವರಿಗೆ ಎಕರೆ-ಇಂಚಿಗೆ 6ರಿಂದ 7 ಯೂನಿಟ್ ಸಾಕು. ಹೇಮಾವತಿ ನಾಲೆಯ ನೀರು ತಲುಪದ ಕೃಷ್ಣರಾಜಪೇಟೆಯ ಮೇಲ್ಭಾಗದ ಹೊಲಗಳಲ್ಲಿ ಕೊಳವೆಬಾವಿಯಿಂದ 250 ಅಡಿ ಎತ್ತಬೇಕಾದರೆ 53 ಯೂನಿಟ್, ನಾಗಮಂಗಲದ ಗಟ್ಟಿನೆಲದಲ್ಲಿ 400 ಅಡಿ ಎತ್ತಬೇಕಾದರೆ 85 ಯೂನಿಟ್ ಬೇಕು. ಬೋರಿನಿಂದ ಬೋರಿಗೆ ಈ ಅಡಿಗಳು ವ್ಯತ್ಯಾಸವಾಗುತ್ತವೆ. ಆದರೂ ಒಂದೇ ಬೆಳೆಗೆ, ಒಂದೇ ಪ್ರಮಾಣದ ನೀರಿಗೆ, ಮೂವತ್ತು ಮೈಲಿಯೊಳಗೆ ವಿದ್ಯುತ್ತಿನ ಅಗತ್ಯ ಹನ್ನೆರಡು ಪಟ್ಟಿಗೂ ಮಿಕ್ಕಿ ಬದಲಾಗಬಲ್ಲದು ಎಂಬುದು ಗಮನಾರ್ಹ.

ಇದನ್ನೇ ಬೆಳೆಗೆ ಅನ್ವಯಿಸೋಣ. ಮಳೆ ಕಳೆದು ಕಬ್ಬಿಗೆ 40 ಇಂಚು ನೀರೆತ್ತಬೇಕಾಗಿದೆ ಎಂದಿಟ್ಟುಕೊಂಡರೆ, 30 ಅಡಿಯಿಂದ ಎತ್ತುವವರಿಗೆ ಎಕರೆಗೆ ಸುಮಾರು 260 ಯೂನಿಟ್ ಆದರೆ 400 ಅಡಿಯಿಂದ ಎತ್ತುವವರಿಗೆ 3,400 ಯೂನಿಟ್. ಅದೇ ನಾಗಮಂಗಲದ ರೈತರು ಎಕರೆಗೆ 50 ತೆಂಗಿನ ಮರಗಳಿಗೆ ಹನಿ ನೀರಾವರಿಯಲ್ಲಿ ದಿನಕ್ಕೆ ಮರವೊಂದಕ್ಕೆ 65 ಲೀಟರ್ ಕೊಟ್ಟರೆ ದಿನಕ್ಕೆ 3 ಯೂನಿಟ್ಟಿನೊಳಗೆ ಮುಗಿಯುತ್ತದೆ.

ನಾಳೆ ಯಾವುದೇ ಸರ್ಕಾರ "ಪಂಪ್‌ಸೆಟ್ಟಿಗೆ ವರ್ಷಕ್ಕೆ ಇಷ್ಟು ಯೂನಿಟ್ ಉಚಿತ" ಅಥವಾ "ಅಶ್ವಶಕ್ತಿಗೆ ಇಷ್ಟು ಯೂನಿಟ್ ಉಚಿತ" ಎಂಬ ಒಂದೇ ಸೂತ್ರವನ್ನು ಇಡೀ ರಾಜ್ಯಕ್ಕೆ ತಂದರೆ, ಅದರ ಹೊಡೆತ ಹೊಳೆದಂಡೆಯ ರೈತರಿಗೆ ತಟ್ಟುವುದಿಲ್ಲ. ನಾಲೆಯ ನೀರೂ ಇಲ್ಲದೆ, ಸಾಲ ಮಾಡಿ ನಾಲ್ಕಾರು ಬೋರು ಕೊರೆಸಿ, ಒಂದರಲ್ಲಿ ಎರಡಿಂಚು ನೀರು ಕಂಡ ಮೇಲ್ಭಾಗದ ರೈತರಿಗೆ ತಟ್ಟುತ್ತದೆ. ಆದುದರಿಂದ ಮೀಟರ್ ಬೇಕೇ ಬೇಡವೇ ಎಂಬ ವಾದದಷ್ಟೇ, ಅಥವಾ ಅದಕ್ಕಿಂತ ಹೆಚ್ಚಾಗಿ, ಎಣಿಸಿದ ಯೂನಿಟ್ಟನ್ನು ಯಾವ ಸೂತ್ರದಲ್ಲಿ ಬಳಸಲಾಗುತ್ತದೆ ಎಂಬುದರ ಮೇಲೆ ರೈತರ ಗಮನವಿರಬೇಕು. ನೀರಿನ ಆಳವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಸೂತ್ರವೂ ನ್ಯಾಯವಾಗಲಾರದು.

ಬೇರೆ ರಾಜ್ಯಗಳ ಅನುಭವ

ಪಶ್ಚಿಮ ಬಂಗಾಳವು 2007ರ ನಂತರ ಕೃಷಿ ಕೊಳವೆಬಾವಿಗಳಿಗೆ ದೂರದಿಂದ ಓದಬಲ್ಲ ಮೀಟರುಗಳನ್ನು ಅಳವಡಿಸಿ, ರಾತ್ರಿ ಅಗ್ಗ, ಸಂಜೆ ದುಬಾರಿ ಎಂಬ ದರ ತಂದಿತು. ಅದಕ್ಕೆ ಮೊದಲು ಅಲ್ಲಿ ಅಶ್ವಶಕ್ತಿಯ ಆಧಾರದ ನಿಗದಿತ ದರವಿತ್ತು. ಪಂಪ್ ಇದ್ದವರಲ್ಲಿ ಹಲವರ ಬಿಲ್ಲು ಕಡಮೆಯಾಯಿತು. ಆದರೆ ಅವರಿಂದ ನೀರು ಕೊಂಡು ಬೆಳೆಯುತ್ತಿದ್ದ ಸಣ್ಣ ರೈತರಿಗೆ ನೀರು ದುಬಾರಿಯಾಯಿತು ಎಂದು ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿಯೂ ವಾರಕ್ಕೆ, ಗುತ್ತಿಗೆಗೆ ಮಾಡುವವರು ಮತ್ತು ಪಕ್ಕದ ಬೋರಿನ ನೀರು ನಂಬಿದವರು ಇದ್ದಾರೆ. ಅವರ ಹೆಸರಿನಲ್ಲಿ ಆರ್.ಆರ್. ಸಂಖ್ಯೆಯಿಲ್ಲ. ಸಹಾಯಧನ ಖಾತೆಗೆ ಬರುವಂತಾದರೆ ಅದು ಜಮೀನಿನ ಒಡೆಯರ ಖಾತೆಗೆ ಹೋಗುತ್ತದೆ.

ಆಂಧ್ರಪ್ರದೇಶವು 2020ರಲ್ಲಿ ಪಂಪ್‌ಸೆಟ್ಟುಗಳಿಗೆ ಮೀಟರ್ ಹಾಕಿ, ವಿದ್ಯುತ್ತಿನ ಹಣವನ್ನು ರೈತರ ಖಾತೆಗೆ ಜಮೆ ಮಾಡಿ ಅಲ್ಲಿಂದ ಕಂಪನಿಗೆ ಪಾವತಿಸುವ ಕ್ರಮವನ್ನು ಶ್ರೀಕಾಕುಳಂ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಅದು ತೀವ್ರ ರಾಜಕೀಯ ವಿವಾದವಾಯಿತು. ನೆರೆಯ ತೆಲಂಗಾಣ ಸರ್ಕಾರ ಆ ದಾರಿಯನ್ನು ಬಹಿರಂಗವಾಗಿ ನಿರಾಕರಿಸಿತು.

ಪಂಜಾಬ್ 2018ರಲ್ಲಿ ಬೇರೊಂದು ದಾರಿ ಹಿಡಿಯಿತು. 'ಪಾನಿ ಬಚಾವೋ, ಪೈಸಾ ಕಮಾವೋ' ಎಂಬ ಯೋಜನೆಯಲ್ಲಿ ಇಷ್ಟಪಟ್ಟು ಸೇರಿದ ರೈತರಿಗೆ ಮಾತ್ರ ಮೀಟರ್ ಹಾಕಿ, ಪ್ರತಿಯೊಬ್ಬರಿಗೂ ಯೂನಿಟ್ಟಿನ ಮಿತಿ ನಿಗದಿಪಡಿಸಿ, ಅದರೊಳಗೆ ಉಳಿಸಿದ ಪ್ರತಿ ಯೂನಿಟ್ಟಿಗೆ 4 ರೂಪಾಯಿ ಖಾತೆಗೆ ಹಾಕಲಾಯಿತು. ಮಿತಿ ಮೀರಿದವರಿಗೆ ದಂಡವಿರಲಿಲ್ಲ. ಇಲ್ಲಿ ಮೀಟರು ರೈತರ ಗಳಿಕೆಯನ್ನು ಎಣಿಸಿತು. ಎಣಿಕೆಯೆಂಬುದು ಎಲ್ಲೆಡೆ ವಸೂಲಿಗೇ ಕೊನೆಯಾಗಬೇಕಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ರೈತರು ಈಗಲೇ ಮಾಡಬೇಕಾದ ಕೆಲಸ

ಮೀಟರ್ ಬರಲಿ, ಬಾರದಿರಲಿ, ತಮ್ಮ ಬಳಕೆ ಎಷ್ಟು ಎಂಬುದು ಬೇರೆಯವರಿಗಿಂತ ಮೊದಲು ರೈತರಿಗೆ ತಿಳಿದಿರಬೇಕು. ಅದಕ್ಕೆ ಯಂತ್ರದ ಅಗತ್ಯವಿಲ್ಲ.

1. ಬಳಕೆಯ ಪುಸ್ತಕ ಇಡಿರಿ. ಪೂರ್ಣ ಹೊರೆಯಲ್ಲಿ ಓಡುವ ಮೋಟಾರು ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು ಒಂದು ಯೂನಿಟ್ ಬಳಸುತ್ತದೆ. 5 ಅಶ್ವಶಕ್ತಿಯ ಮೋಟಾರು 7 ಗಂಟೆ ಓಡಿದರೆ ಸುಮಾರು 35 ಯೂನಿಟ್, 7.5 ಅಶ್ವಶಕ್ತಿಯದಾದರೆ ಸುಮಾರು 52 ಯೂನಿಟ್. ದಿನಾಂಕ, ಕರೆಂಟ್ ಬಂದ ಮತ್ತು ಹೋದ ಸಮಯ, ಪ್ಯಾನಲ್ ಬೋರ್ಡಿನ ವೋಲ್ಟೇಜ್, ನೀರು ಹಾಯಿಸಿದ ಬೆಳೆ, ಇಷ್ಟನ್ನು ಬರೆದಿಡಬೇಕು. ಒಂದು ವರ್ಷದ ಇಂತಹ ಬರಹ ಯಾವ ಸಭೆಯಲ್ಲಿಯಾದರೂ ಬೆಲೆಯುಳ್ಳ ಸಾಕ್ಷಿ.

2. ಆಟೋ ಸ್ಟಾರ್ಟರಿನ ಮೇಲೆ ನಿಗಾ ಇಡಿರಿ. ಕರೆಂಟ್ ಬಂದಾಗಲೆಲ್ಲ ಮೋಟಾರ್ ತಾನೇ ಓಡುವಂತೆ ಬಿಡುವುದರಿಂದ ಬೇಡದ ನೀರು ಹರಿದು ಗೊಬ್ಬರ ಬಸಿದುಹೋಗುತ್ತದೆ, ಬೋರಿನ ಆಯಸ್ಸೂ ಕುಗ್ಗುತ್ತದೆ. ಅವಧಿ ನಿಗದಿಪಡಿಸುವ ಟೈಮರ್ ಮತ್ತು ನೀರಿಲ್ಲದಾಗ ನಿಲ್ಲಿಸುವ ರಕ್ಷಣೆ ಇರುವ ಪ್ಯಾನಲ್ ಬಳಸುವುದು ಸೂಕ್ತ.

3. ದಕ್ಷತೆ ಹೆಚ್ಚಿಸಿರಿ. ಒಟ್ಟು ದಕ್ಷತೆ ಶೇ. 30 ಇದ್ದರೆ 100 ಅಡಿಗೆ ಎಕರೆ-ಇಂಚಿಗೆ 28 ಯೂನಿಟ್, ಶೇ. 50 ಆದರೆ 17 ಯೂನಿಟ್. ಪದೇ ಪದೇ ರಿವೈಂಡಿಂಗ್ ಮಾಡಿಸಿದ ಮೋಟಾರು, ಬೋರಿನ ನೀರಿಗೆ ಹೊಂದದ ಪಂಪು, ಕಿರಿದಾದ ತುಕ್ಕು ಹಿಡಿದ ಪೈಪು, ಅನಗತ್ಯ ಬೆಂಡುಗಳು ದಕ್ಷತೆ ಕುಗ್ಗಿಸುತ್ತವೆ. ಹೊಸದಾಗಿ ಕೊಳ್ಳುವವರು ನಕ್ಷತ್ರದ ಗುರುತಿನ ಪಂಪ್‌ಸೆಟ್ ಆರಿಸಬೇಕು. 5 ಅಶ್ವಶಕ್ತಿಯ ಮೋಟಾರಿಗೆ 2 ಕೆ.ವಿ.ಎ.ಆರ್. ಕೆಪಾಸಿಟರ್ ಜೋಡಿಸಿದರೆ ತಂತಿಯ ಮೇಲಿನ ಹೊರೆ ತಗ್ಗುತ್ತದೆ. ಒಂದು ಟಿ.ಸಿ.ಯ ಎಲ್ಲ ರೈತರೂ ಸೇರಿ ಇದನ್ನು ಮಾಡಿದರೆ ವೋಲ್ಟೇಜ್ ಸುಧಾರಿಸುವುದನ್ನು ಎಲ್ಲರೂ ಕಾಣಬಹುದು.

4. ಬೆಳೆಯನ್ನು ನೀರಿನ ಆಳಕ್ಕೆ ಹೊಂದಿಸಿರಿ. 300 ಅಡಿಗಿಂತ ಕೆಳಗಿನಿಂದ ನೀರೆತ್ತುವವರು ಹಾಯಿ ನೀರಿನ ಕಬ್ಬು, ಬೇಸಿಗೆ ಭತ್ತ ಬೆಳೆಯುವುದು ಇಂದಿನ ಉಚಿತ ವಿದ್ಯುತ್ತಿನಲ್ಲಿಯೂ ಬೋರಿಗೆ ಅಪಾಯಕರ. ರಾಗಿ, ತೊಗರಿ, ಅವರೆಗಳಿಗೆ ರಕ್ಷಣಾತ್ಮಕ ನೀರಾವರಿ, ತೆಂಗು, ಹಿಪ್ಪುನೇರಳೆ ಮತ್ತು ತರಕಾರಿಗಳಿಗೆ ಹನಿ ನೀರಾವರಿ ಹಾಗೂ ಹೊದಿಕೆ ಅನುಸರಿಸಬೇಕು.

5. ದಾಖಲೆ ಸರಿಪಡಿಸಿಕೊಳ್ಳಿರಿ. ಅನೇಕ ಆರ್.ಆರ್. ಸಂಖ್ಯೆಗಳು ಇಂದಿಗೂ ತೀರಿಕೊಂಡ ತಂದೆ ಅಥವಾ ತಾತನವರ ಹೆಸರಿನಲ್ಲಿವೆ. ಸೂತ್ರ ಯಾವುದೇ ಬರಲಿ, ಮೊದಲು ತೊಂದರೆಗೊಳಗಾಗುವವರು ಇವರು. ಪೌತಿ ಖಾತೆ ಮಾಡಿಸಿ, ಪಹಣಿಯೊಡನೆ ಸೆಸ್ಕ್ ಉಪವಿಭಾಗದ ಕಚೇರಿಯಲ್ಲಿ ಹೆಸರು ಬದಲಾವಣೆಗೆ ಅರ್ಜಿ ಸಲ್ಲಿಸಬೇಕು. ಕುಟುಂಬದಲ್ಲಿ ಪಾಲಾಗಿದ್ದರೆ ಬೋರು ಯಾರದು, ನೀರಿನ ಸರದಿ ಹೇಗೆ ಎಂಬುದನ್ನು ಬರಹದಲ್ಲಿಟ್ಟುಕೊಳ್ಳುವುದು ಒಳಿತು.

ಕೇಳಬೇಕಾದ ಪ್ರಶ್ನೆಗಳು

ಪಂಪ್‌ಸೆಟ್ಟುಗಳ ಮೀಟರಿನ ಪ್ರಸ್ತಾಪ ಯಾವ ರೂಪದಲ್ಲಿ ಬಂದರೂ ಗ್ರಾಮಸಭೆಗಳಲ್ಲಿ ಮತ್ತು ನಿಯಂತ್ರಣ ಆಯೋಗವು ದರ ಪರಿಷ್ಕರಣೆಗೆ ಮೊದಲು ನಡೆಸುವ ಸಾರ್ವಜನಿಕ ವಿಚಾರಣೆಯಲ್ಲಿ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಬೇಕು. ಮೀಟರಿನ ಹಣ ಯಾರು ಕೊಡುತ್ತಾರೆ, ಸಿಡಿಲಿಗೆ ಸುಟ್ಟರೆ ಬದಲಿಸುವವರು ಯಾರು? ಉಚಿತ ವಿದ್ಯುತ್ತಿನ ಮಿತಿ ನಿಗದಿಪಡಿಸುವುದಾದರೆ ನೀರಿನ ಆಳವನ್ನು ಪರಿಗಣಿಸಲಾಗುತ್ತದೆಯೇ? ಸರ್ಕಾರದ ಸಹಾಯಧನ ತಡವಾದರೆ ರೈತರ ಸಂಪರ್ಕ ಕಡಿತವಾಗುವುದಿಲ್ಲ ಎಂಬ ಖಾತರಿ ಏನು? ಸಹಾಯಧನವನ್ನು ಸರ್ಕಾರ ಮುಂಗಡವಾಗಿ ನೀಡಬೇಕೆಂದು ಕಾಯ್ದೆಯ 65ನೇ ಕಲಮೇ ಹೇಳುತ್ತದೆ. ಪೂರೈಕೆಯ ಗಂಟೆ ಮತ್ತು ವೋಲ್ಟೇಜಿನ ದಾಖಲೆ ರೈತರ ಕೈಗೂ ಸಿಗುತ್ತದೆಯೇ? ಗೇಣಿದಾರರಿಗೆ ಮತ್ತು ನೀರು ಹಂಚಿಕೊಳ್ಳುವವರಿಗೆ ರಕ್ಷಣೆ ಏನು?

ವೈಯಕ್ತಿಕ ದೂರುಗಳಿಗೆ 1912 ಸಹಾಯವಾಣಿಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದುಕೊಳ್ಳಬೇಕು. ಪರಿಹಾರ ದೊರೆಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಸಮಾಧಾನವಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೆ ಅರ್ಜಿ ಸಲ್ಲಿಸುವ ಹಕ್ಕು ಕಾಯ್ದೆಯ 42ನೇ ಕಲಮಿನಲ್ಲಿದೆ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ಮೀಟರಿನ ಪರವಾಗಿಯಾಗಲಿ, ವಿರುದ್ಧವಾಗಿಯಾಗಲಿ ಪ್ರಚಾರ ಮಾಡುವುದು ನಮ್ಮ ಕೆಲಸವಲ್ಲ. ಮುಂದಿನ ಹಿಂಗಾರಿಗೆ ಮೊದಲು ಪ್ರತಿ ಹೋಬಳಿಯಲ್ಲಿ ಕನಿಷ್ಠ ಹತ್ತು ಬೋರುಗಳ ನೀರಿನ ಮಟ್ಟ, ಮೋಟಾರಿನ ಅಶ್ವಶಕ್ತಿ, ಗಂಟೆಗೆ ಬರುವ ನೀರು ಹಾಗೂ ಬೆಳೆಯನ್ನು ರೈತರ ಜೊತೆ ಕುಳಿತು ದಾಖಲಿಸಿದರೆ, ಆಯಾ ಊರಿನ ನೀರೆತ್ತುವ ಲೆಕ್ಕ ಆ ಊರಿನವರ ಕೈಯಲ್ಲೇ ಇರುತ್ತದೆ. ಆ ಲೆಕ್ಕವನ್ನು ಮುಂದಿಟ್ಟುಕೊಂಡು ಮಾತನಾಡುವ ರೈತರಿಗೆ ಯಾವ ಸೂತ್ರ ಬಂದರೂ ಅದು ತಮಗೆ ನ್ಯಾಯವೋ ಅನ್ಯಾಯವೋ ಎಂದು ಅಳೆಯಲು ಸಾಧ್ಯವಾಗುತ್ತದೆ. ಬೋರಿನ ನೀರಿಗೆ ತಕ್ಕ ಪಂಪಿನ ಆಯ್ಕೆ ಮತ್ತು ಬೆಳೆ ಯೋಜನೆಯ ಕುರಿತು ಹೆಚ್ಚಿನ ಮಾಹಿತಿ ಬೇಕಾದವರು ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.